ಹೈಡ್ರೇಂಜಿಯ: ಘಟ್ಟದ ಮಣ್ಣಿಗೆ ಒಲಿದ ಪರದೇಶಿ

ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿಯು ಸಹ್ಯಾದ್ರಿಯ ನೆತ್ತಿಯನ್ನು ದಾಟಿ ಕೆಳಗಿಳಿಯಲು ಅನುವಾಗುವ ಎಡೆಯಲ್ಲಿ, ಜೋಯಿಡಾ ಸೀಮೆಯ ಪಡುವಣ ಅಂಚಿಗೆ ಇರುವ ಅನಮೋಡವು, 1961ರ ಡಿಸೆಂಬರಿನಲ್ಲಿ ಗೋವೆಯು ವಿಮೋಚನೆಗೊಳ್ಳುವವರೆಗೂ ಪರರಾಜ್ಯದ ಹೊಸ್ತಿಲಾಗಿದ್ದಿತು. ಅದರ ನೆರೆಯ ಕ್ಯಾಸಲ್‌ರಾಕಿನಲ್ಲಿ 1888ರಲ್ಲಿ ಮರ್ಮಗೋವೆಯ ರೈಲುಹಾದಿಯು ಬ್ರಿಟಿಷರ ಹಾದಿಯನ್ನು ಕೂಡಿಕೊಂಡಿತು. ಆ ಬಳಿಕ ಅಲ್ಲಿ ಘಟ್ಟವೇರಿ ಬರುವ ಸರಕು ಸುಂಕದವರ ಪರೀಕ್ಷೆಗೆ ಒಳಗಾಗಬೇಕಾಗುತ್ತಿದ್ದಿತು. ಆದರೆ ಬೀಜಕ್ಕೂ ಗೆಡ್ಡೆಗೂ ಗಡಿಯೆಂಬುದುಂಟೆ? 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರೊಡನೆ ಸಮುದ್ರ ದಾಟಿ ಬಂದ ಗೋಡಂಬಿ, ಅನಾನಸು, ಮೆಣಸಿನಕಾಯಿಗಳು ಕ್ರಮೇಣ ಘಟ್ಟದ ಮೇಲಣ ಹಿತ್ತಿಲುಗಳನ್ನೂ ಸೇರಿ, ತಾವು ಪರದೇಶಿಗಳೆಂಬುದನ್ನು ಉಂಡವರು ಮರೆಯುವಷ್ಟು ನಮ್ಮವಾಗಿಬಿಟ್ಟುವು.

ಉಣ್ಣುವ ಸಸ್ಯಗಳ ಕಥೆ ಹೀಗಾದರೆ, ಕೇವಲ ನೋಡಿ ಸಂತೋಷಿಸುವುದಕ್ಕಾಗಿ ನೆಡುವ ಹೈಡ್ರೇಂಜಿಯದ ಯಾತ್ರೆಯು ಬೇರೆಯೇ ದಾರಿಯಲ್ಲಿ ನಡೆಯಿತು. ಅದರ ತವರು ಜಪಾನ್. ಪರದೇಶೀಯರಿಗೆ ನಾಡಿನೊಳಗೆ ಸ್ವೇಚ್ಛೆಯಾಗಿ ತಿರುಗಾಡಲು ಅನುಮತಿಯಿಲ್ಲದಿದ್ದ ಕಾಲದಲ್ಲಿ, 1775ರಲ್ಲಿ, ನಾಗಸಾಕಿಯ ಡೆಜಿಮಾ ಎಂಬ ಪುಟ್ಟ ದ್ವೀಪಕ್ಕೆ ಬಂದಿಳಿದ ಸ್ವೀಡನ್ನಿನ ವೈದ್ಯ ಥುನ್‌ಬರ್ಗನು, ಅಲ್ಲಿಯ ದನಗಳಿಗೆಂದು ತಂದ ಹುಲ್ಲಿನ ಹೊರೆಗಳನ್ನು ಬಿಡಿಸಿ ಅವುಗಳೊಳಗಿಂದಲೂ ಗಿಡಮೂಲಿಕೆಗಳನ್ನು ಆರಿಸಿಕೊಂಡನು. ಅವನು 1784ರಲ್ಲಿ ಪ್ರಕಟಿಸಿದ ಜಪಾನೀ ಸಸ್ಯಗಳ ಗ್ರಂಥದಲ್ಲಿ ಈ ಹೂವು, ಬೇರೊಂದು ಕುಲದ ಹೆಸರನ್ನು ಹೊತ್ತು, ಪಶ್ಚಿಮದ ವಿದ್ವಾಂಸರ ಕಣ್ಣಿಗೆ ಬಿದ್ದಿತು. 1823ರಲ್ಲಿ ಅದೇ ದ್ವೀಪಕ್ಕೆ ಬಂದ ಜರ್ಮನ್ ವೈದ್ಯ ಸೀಬೋಲ್ಡನಾದರೋ ಇದರ ಒಂದು ಬಗೆಗೆ ತನ್ನ ಸಂಗಾತಿ ಓಟಕಿಯ ಹೆಸರನ್ನೇ ಇಟ್ಟನು. ಇವೆರಡರ ನಡುವೆ, 1789ರ ಸುಮಾರಿಗೆ, ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸನ ಮುಖಾಂತರ ಚೀನಾದಿಂದ ಲಂಡನ್ನಿನ ಕ್ಯೂ ಉದ್ಯಾನವನ್ನು ಇದರ ಸಜೀವ ಗಿಡವೇ ಸೇರಿದ್ದಿತು. ಅದೇ ವರ್ಷ ಮೆಕ್ಸಿಕೋದಿಂದ ಮ್ಯಾಡ್ರಿಡ್ಡನ್ನು ಸೇರಿದ ಡೇಲಿಯವು ಇಂದು 'ಡೇರೆ'ಯಾಗಿ ಉತ್ತರ ಕನ್ನಡದ ಮನೆಮನೆಯ ಅಂಗಳವನ್ನೂ ಆಳುತ್ತಿರುವುದನ್ನು ನೆನೆದರೆ, ಭೂಮಂಡಲದ ಎರಡು ಕೊನೆಗಳಿಂದ ಹೊರಟ ಈ ಎರಡು ಹೂಗಳು ನಮ್ಮ ತುಳಸಿಕಟ್ಟೆಯ ಬಳಿ ಸಂಧಿಸಿದುದು ಇತಿಹಾಸದ ವಿನೋದವೆಂದೇ ತೋರುತ್ತದೆ.

ಇಂಗ್ಲಿಷರು ತಮ್ಮ ನಾಡಿನ ತಂಪನ್ನು ಅರಸಿ ಕಟ್ಟಿಕೊಂಡ ಉದಕಮಂಡಲದಂತಹ ಗಿರಿಧಾಮಗಳಲ್ಲಿಯೂ, ಕೊಡಗಿನ ಕಾಫಿ ತೋಟದ ಬಂಗಲೆಗಳ ಮುಂಗಡೆಯಲ್ಲಿಯೂ ಹೈಡ್ರೇಂಜಿಯವು ಸುಖವಾಗಿ ಬೇರೂರಿತು. ದೊರೆಗಳು ಹೋದರು, ಹೂವು ಉಳಿಯಿತು. ಒಂದು ಗೇಣುದ್ದದ ಟೊಂಗೆಯನ್ನು ಮಳೆಗಾಲದಲ್ಲಿ ಊರಿದರೆ ಬೇರು ಬಿಡುವ ಗಿಡಕ್ಕೆ ಪ್ರಸಾರದ ಚಿಂತೆಯಿಲ್ಲ. ನೆಂಟರ ಮನೆಯಿಂದ ಹಿಂದಿರುಗುವ ಹೆಂಗಸರ ಕೈಚೀಲವೇ ಅದಕ್ಕೆ ಸಾಕಾದ ವಾಹನ.

ಇದರ ಮಹಿಮೆಯಿರುವುದು ವರ್ಣದಲ್ಲಿ. ನಾವು ದಳಗಳೆಂದು ಭ್ರಮಿಸುವುವು ಪುಷ್ಪಪಾತ್ರೆಯ ಎಸಳುಗಳು. ಸಾಸಿವೆಯಷ್ಟಿರುವ ನಿಜವಾದ ಹೂವು ಅವುಗಳ ಮಧ್ಯದಲ್ಲಿ ಅಡಗಿರುತ್ತದೆ. ಆ ಎಸಳುಗಳ ಬಣ್ಣವನ್ನು ಬಹುಮಟ್ಟಿಗೆ ನಿರ್ಣಯಿಸುವುದು ಮಣ್ಣು. ಆಮ್ಲಗುಣವುಳ್ಳ ಮಣ್ಣಿನಲ್ಲಿ ಅಲ್ಯೂಮಿನಿಯಮ್ ಕರಗಿ ಬೇರಿಗೆ ದಕ್ಕುತ್ತದೆ, ಹೂವಿನ ವರ್ಣದ್ರವ್ಯದೊಡನೆ ಕೂಡಿ ನೀಲಿಯಾಗುತ್ತದೆ. ಸುಣ್ಣದ ಅಂಶ ಹೆಚ್ಚಾದಲ್ಲಿ ಆ ಲೋಹವು ಬೇರಿಗೆ ಎಟುಕದೆ ಹೂವು ಗುಲಾಬಿಯಾಗಿಯೇ ಉಳಿಯುತ್ತದೆ. ಬಿಳಿಯ ತಳಿಗಳು ಮಾತ್ರ ಈ ಶಾಸನಕ್ಕೆ ಮಣಿಯುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಅನಮೋಡ-ಕ್ಯಾಸಲ್‌ರಾಕಿನ ನೆತ್ತಿಯಲ್ಲಿ ಸುಣ್ಣವೆಲ್ಲ ತೊಳೆದುಹೋಗಿ, ಕಬ್ಬಿಣವೂ ಅಲ್ಯೂಮಿನಿಯಮ್ಮೂ ಉಳಿದು ಹೆಪ್ಪುಗಟ್ಟಿದ ಜಂಬಿಟ್ಟಿಗೆಯ ನೆಲವಿರುವುದರಿಂದ, ಇಂತಹ ಮಣ್ಣು ನೀಲವರ್ಣಕ್ಕೇ ಒಲಿದುದು. ಆದರೆ ಸುಣ್ಣ ಬಳಿದ ಗೋಡೆಯ ಬುಡದಲ್ಲಿ ಗಿಡವನ್ನು ನೆಟ್ಟು ನೋಡಿರಿ: ವರ್ಷವರ್ಷವೂ ಉದುರಿದ ಸುಣ್ಣವನ್ನುಂಡ ಬೇರಿನ ಕಡೆಯ ಗೊಂಚಲು ನಸುಗೆಂಪಾಗಿಯೂ, ಅಂಗಳದ ಕಡೆಯದು ನೀಲಿಯಾಗಿಯೂ, ಒಂದೇ ಪೊದೆಯು ಇಬ್ಬಣ್ಣದ್ದಾಗುವುದುಂಟು.

ಋತುಚರ್ಯೆಯು ಸರಳವಾದುದು. ಬೇಸಗೆಯಲ್ಲಿ ಮಧ್ಯಾಹ್ನದ ಬಿಸಿಲು ತಾಕದಂತೆ ಮರದ ನೆರಳನ್ನೂ, ಬುಡಕ್ಕೆ ದರಗಿನ ಹೊದಿಕೆಯನ್ನೂ, ತಪ್ಪದೆ ನೀರನ್ನೂ ಒದಗಿಸಬೇಕು. ಬಾಯಾರಿದರೆ ಅಗಲವಾದ ಎಲೆಗಳು ಕ್ಷಣದಲ್ಲಿ ಜೋತುಬೀಳುತ್ತವೆ. ಅಡ್ಡಮಳೆಗೆ ಚಿಗಿತು, ಮೃಗಶಿರಾ-ಆರಿದ್ರೆಯ ಕಾಲಕ್ಕೆ ಗೊಂಚಲು ತುಂಬಿ, ಮಳೆಯ ಭಾರಕ್ಕೆ ತಲೆಬಾಗಿದರೂ ಹೂವು ವಾರಗಟ್ಟಲೆ ಬಾಡದು. ಆಗ ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆಯೊಂದಿರಬೇಕು. ಹೂವು ಹಸುರಿಗೆ ತಿರುಗಿ ಮುದಿಯಾದೊಡನೆಯೇ ಗೊಂಚಲಿನ ಕೆಳಗೆ ಕತ್ತರಿಸಬೇಕಲ್ಲದೆ ಚಳಿಗಾಲದಲ್ಲಿ ಕೈಹಾಕಲಾಗದು, ಏಕೆಂದರೆ ಮುಂದಿನ ವರ್ಷದ ಮೊಗ್ಗು ಹಳೆಯ ಕಡ್ಡಿಯ ತುದಿಯಲ್ಲಿಯೇ ಅಂಕುರಿಸಿ ಕಾದಿರುತ್ತದೆ. ಎಲೆಯು ವಿಷಾಂಶವುಳ್ಳದ್ದಾದುದರಿಂದ ಕೊಟ್ಟಿಗೆಯ ದನಕರುಗಳಿಗೆ ಎಟುಕದಲ್ಲಿ ನೆಡುವುದು ವಿವೇಕ.

ಟೊಂಗೆ ಕೊಟ್ಟವರಿಗೂ ಪಡೆದವರಿಗೂ ನಡುವೆ ಮನಸ್ತಾಪವನ್ನು ತಂದಿಡುವ ಶಕ್ತಿಯೂ ಈ ಹೂವಿಗುಂಟು. "ನೀವು ಕೊಟ್ಟದ್ದು ನೀಲಿಯಲ್ಲವೇ ಅಕ್ಕಾ, ನಮ್ಮಲ್ಲಿ ಕೆಂಪಾಯಿತಲ್ಲ!" ಎಂಬ ಆಕ್ಷೇಪವು ಕೇಳಿಬಂದಾಗ, ಕೊಟ್ಟವರು ನಿರಪರಾಧಿಗಳೆಂದು ತಿಳಿಯಬೇಕು. ಸಾಮ್ರಾಜ್ಯಗಳ ಹಡಗು ಗಿಡವನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿತು. ಬಣ್ಣವನ್ನು ಕೊಡುವ ಅಧಿಕಾರವನ್ನು ಮಾತ್ರ ಅಂಗಳದ ಮಣ್ಣು ಯಾರಿಗೂ ಬಿಟ್ಟುಕೊಡಲಿಲ್ಲ.