ಹತ್ತು ಸಾವಿರ ಚೀಟಿಗಳಿಂದ ಒಂದು ಪದವಿಯವರೆಗೆ

ಸಾಹಿತ್ಯ, ಇತಿಹಾಸದಂಥ ವಿಷಯಗಳ ಅಧ್ಯಯನಕ್ಕೆ ಕಂಪ್ಯೂಟರ್ ಬಳಸುವ ಡಿಜಿಟಲ್ ಮಾನವಿಕದ ಚರಿತ್ರೆಯನ್ನು ರಾಬರ್ಟೊ ಬೂಸಾ ಎಂಬ ಇಟಲಿಯ ಜೆಸುಯಿಟ್ ಪಾದ್ರಿಯ ಡಾಕ್ಟರೇಟ್ ಪ್ರಬಂಧದಿಂದ ಆರಂಭಿಸುವುದು ರೂಢಿ. 1940ರ ದಶಕದಲ್ಲಿ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯದಲ್ಲಿ ಅವರು 13ನೇ ಶತಮಾನದ ದಾರ್ಶನಿಕ ಥಾಮಸ್ ಅಕ್ವಿನಾಸರ ಬರಹಗಳಲ್ಲಿ ‘ಸಾನ್ನಿಧ್ಯ’ದ ಕಲ್ಪನೆಯನ್ನು ಹುಡುಕುತ್ತಿದ್ದರು. ಸಾನ್ನಿಧ್ಯವನ್ನೇ ಹೆಸರಿಸುವ ಲ್ಯಾಟಿನ್ ಪದಗಳಿಂದ ಹೆಚ್ಚೇನೂ ದಕ್ಕಲಿಲ್ಲ. ವಿಚಾರ ಅಡಗಿದ್ದದ್ದು ‘ಇನ್’ ಎಂಬ ಪುಟ್ಟ ಅವ್ಯಯದಲ್ಲಿ. ಕನ್ನಡದಲ್ಲಿ ‘ಅಲ್ಲಿ’ ಪ್ರತ್ಯಯ ಮಾಡುವ ಕೆಲಸ ಅದರದು. ಅದು ಬಂದ ವಾಕ್ಯಗಳನ್ನೆಲ್ಲ ಒಂದೊಂದಾಗಿ ಕೈಯಲ್ಲೇ ಬರೆದಿಡುತ್ತ ಹೋದಾಗ ಚೀಟಿಗಳು 10,000 ಆದವು.

ಅಕ್ವಿನಾಸರ ಸಮಸ್ತ ಕೃತಿಗಳಿಗೂ ಹೀಗೆ, ಪ್ರತಿ ಪದ ಎಲ್ಲೆಲ್ಲಿ ಬಂದಿದೆ ಎಂದು ತೋರಿಸುವ ಪದಪ್ರಯೋಗಕೋಶ ಮಾಡಹೊರಟರೆ ಒಬ್ಬರ ಆಯುಸ್ಸು ಸಾಲದು. 1949ರಲ್ಲಿ ಬೂಸಾ ನ್ಯೂಯಾರ್ಕಿಗೆ ಹೋಗಿ ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರನ್ನು ಕಂಡರು. ಲೆಕ್ಕಪತ್ರಕ್ಕೆ ದುಡಿಯುತ್ತಿದ್ದ ಪಂಚ್ ಕಾರ್ಡ್ ಯಂತ್ರಗಳು ಪದಗಳನ್ನು ವಿಂಗಡಿಸಲು ಒದಗಿಬಂದವು. 1951ರಲ್ಲಿ ಅಕ್ವಿನಾಸರ ಸ್ತೋತ್ರಗಳ ಮಾದರಿ ಕೋಶ ಅಚ್ಚಾಯಿತು.

ಯಂತ್ರ ಬಂದರೂ ಕೈಗೆಲಸ ತಪ್ಪಲಿಲ್ಲ. ರಟ್ಟಿನ ಕಾರ್ಡಿನಲ್ಲಿ 80 ಕಂಬಸಾಲುಗಳು. ಯಾವ ಸಾಲಿನಲ್ಲಿ ಎಲ್ಲಿ ತೂತು ಬಿದ್ದಿದೆ ಎಂಬುದರ ಮೇಲೆ ಯಂತ್ರ ಅಕ್ಷರವನ್ನು ಗುರುತಿಸುತ್ತಿತ್ತು. ಪಠ್ಯವನ್ನು ಅಕ್ಷರ ಬಿಡದೆ ಕೀಲಿಮಣೆಯಲ್ಲಿ ಒತ್ತಿ ಆ ತೂತುಗಳನ್ನು ಹೊಡೆದವರು ಬಹುಪಾಲು ಎಳೆಯ ಹೆಣ್ಣುಮಕ್ಕಳು. ಮಿಲಾನ್ ಬಳಿಯ ಗಲ್ಲರಾತೆ ಪಟ್ಟಣದಲ್ಲಿ 1956ರಿಂದ ನಡೆದ ಬೂಸಾ ಅವರ ಕೇಂದ್ರದಲ್ಲಿ ಅವರಿಗೆ ತರಬೇತಿ ಸಿಕ್ಕಿತು. ಅವರ ದುಡಿಮೆಯ ಫಲವಾಗಿ ಅಕ್ವಿನಾಸರ ಪದಪ್ರಯೋಗಕೋಶ ‘ಇಂಡೆಕ್ಸ್ ಥೊಮಿಸ್ಟಿಕಸ್’ 1974ರಿಂದ 1980ರ ನಡುವೆ 56 ಸಂಪುಟಗಳಲ್ಲಿ ಹೊರಬಂತು. ಒಂದು ಕೋಟಿಗೂ ಹೆಚ್ಚು ಪದಗಳ ಆ ಮಹಾಕೋಶದ ಕೀರ್ತಿಯೆಲ್ಲ ಪಾದ್ರಿಯ ಹೆಸರಿಗೇ ಸಂದಿತು. ಜೂಲಿಯಾನ್ ನೈಹನ್, ಮೆಲಿಸ್ಸಾ ಟೆರಸ್ ಮುಂತಾದ ವಿದ್ವಾಂಸರು ಹಳೆಯ ಫೋಟೊಗಳನ್ನು ಹಿಡಿದು ಆ ಹೆಣ್ಣುಮಕ್ಕಳು ಯಾರೆಂದು ಹುಡುಕಿದ್ದು ಈ ಶತಮಾನದಲ್ಲಿ. ಅಷ್ಟು ತಡವಾದದ್ದು ಅನ್ಯಾಯವೇ ಸರಿ.

ಇನ್ನೊಂದು ತೊಡಕು ವ್ಯಾಕರಣದ್ದು. ಒಂದೇ ಪದದ ಹತ್ತಾರು ರೂಪಗಳು ಯಂತ್ರಕ್ಕೆ ಹತ್ತಾರು ಬೇರೆ ಪದಗಳು. ಅವನ್ನು ಒಂದು ಮೂಲದಡಿ ತರುವ ತೀರ್ಮಾನ ಲ್ಯಾಟಿನ್ ಬಲ್ಲವರದೇ. ಕನ್ನಡದಲ್ಲಿ ಈ ತೊಡಕು ಇನ್ನೂ ಬಿಗಿ. ಬೂಸಾ ಅವರ ‘ಇನ್’ ಬಿಡಿಯಾಗಿ ನಿಲ್ಲುತ್ತದೆ. ‘ಮನೆಯಲ್ಲಿದ್ದಾನೆ’ ಎಂಬಲ್ಲಿ ನಾಮಪದ, ‘ಅಲ್ಲಿ’, ಕ್ರಿಯಾಪದ ಮೂರೂ ಬೆಸೆದುಕೊಂಡಿವೆ. ಸಂಧಿ ಬಿಡಿಸದೆ ಎಣಿಸುವಂತಿಲ್ಲ.

ಬಿಡಿಬಿಡಿ ಯತ್ನಗಳು ಶಾಸ್ತ್ರವಾಗಲು ಸಮಯ ಹಿಡಿಯಿತು. ‘ಕಂಪ್ಯೂಟರ್ಸ್ ಅಂಡ್ ದ ಹ್ಯುಮ್ಯಾನಿಟೀಸ್’ ಪತ್ರಿಕೆ 1966ರಲ್ಲಿ ಶುರುವಾಯಿತು. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಪಠ್ಯ ತುಂಬಿಸಿದರೆ ಒಬ್ಬರ ಕಡತ ಇನ್ನೊಬ್ಬರಿಗೆ ಒದಗದು. ಈ ಕೊರತೆ ನೀಗಲು 1987ರಲ್ಲಿ ಅಮೆರಿಕದ ವಾಸರ್ ಕಾಲೇಜಿನಲ್ಲಿ ಸೇರಿದ ಸಭೆಯಿಂದ, ಪಠ್ಯ ತುಂಬಿಸಲು ಎಲ್ಲರಿಗೂ ಒಂದೇ ಬಗೆಯ ನಿಯಮ ರೂಪಿಸುವ ‘ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್’ ಹುಟ್ಟಿತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯ 2001ರಲ್ಲಿ ಎಂ.ಎ. ತೆರೆದಾಗ ವಿಷಯದ ಹೆಸರು ಇನ್ನೂ ‘ಹ್ಯುಮ್ಯಾನಿಟೀಸ್ ಕಂಪ್ಯೂಟಿಂಗ್’. ‘ಡಿಜಿಟಲ್ ಹ್ಯುಮ್ಯಾನಿಟೀಸ್’ ಎಂಬುದು ನೆಲೆನಿಂತದ್ದು 2004ರಲ್ಲಿ ಆ ಹೆಸರಿನ ಕೈಪಿಡಿ ಬಂದ ಮೇಲೆ. ಅದಕ್ಕೆ ಮುನ್ನುಡಿ ಬರೆದವರು 90 ದಾಟಿದ್ದ ಬೂಸಾ.

ಭಾರತದಲ್ಲಿ ಈ ವಿದ್ಯೆಗೆ ಮೊದಲು ನೆಲೆ ಕೊಟ್ಟವುಗಳಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯ ಮುಖ್ಯವಾದುದು. ಅಲ್ಲಿನ ಸ್ಕೂಲ್ ಆಫ್ ಕಲ್ಚರಲ್ ಟೆಕ್ಸ್ಟ್ಸ್ ಅಂಡ್ ರೆಕಾರ್ಡ್ಸ್ ಸ್ನಾತಕೋತ್ತರ ಡಿಪ್ಲೊಮಾ ನಡೆಸಿತು. ಅದು ಸಿದ್ಧಪಡಿಸಿದ ‘ಬಿಚಿತ್ರಾ’ ಜಾಲತಾಣದಲ್ಲಿ ರವೀಂದ್ರನಾಥ ಟ್ಯಾಗೋರರ ಹಸ್ತಪ್ರತಿಗಳೂ ಮುದ್ರಿತ ಪಾಠಗಳೂ ಒಂದೆಡೆ ಸೇರಿವೆ. ಒಂದು ಕವಿತೆಯ ಎರಡು ಪಾಠಗಳನ್ನು ಎದುರುಬದುರು ಇಟ್ಟು, ಕವಿ ಯಾವ ಪದ ಬದಲಿಸಿದರು, ಯಾವ ಸಾಲು ಕೈಬಿಟ್ಟರು ಎಂಬುದನ್ನು ಅಲ್ಲಿ ತಾಳೆ ನೋಡಬಹುದು.