ಡಿಪಿ, ಟಿಸಿ ಮತ್ತು ಉಪ್ಪು-ಇದ್ದಿಲಿನ ಗುಂಡಿ: ಅಕ್ಕಲಕೋಟೆ ಗಡಿಯಲ್ಲಿ ವಿದ್ಯುತ್ ಸುರಕ್ಷತೆಯ ಭಾಷೆ

ಕನ್ನಡ ಎಂ.ಎ. ಓದುವವರಿಗೆ ಟ್ರಾನ್ಸ್‌ಫಾರ್ಮರ್ ಜೊತೆ ಏನು ಕೆಲಸ ಅಂತ ಅನ್ನಿಸಬಹುದು. ಅದರ ಕಂಬಕ್ಕೆ ಬಡಿದ ಎಚ್ಚರಿಕೆ ಹಲಗೆಯ ಮೇಲೆ ಒಂದು ಪದ ಇರುತ್ತದೆ. ಅದರ ಬುಡದಲ್ಲಿ ಹೂತಿರುವ ತಿಳಿವಳಿಕೆಯನ್ನು ಮಾತ್ರ ಯಾರೂ ಬರೆದಿಲ್ಲ. ಇವೆರಡರ ನಡುವಿನ ಅಂತರ ಭಾಷೆಯ ಪ್ರಶ್ನೆ, ಚರಿತ್ರೆಯ ಪ್ರಶ್ನೆಯೂ ಹೌದು ಅನ್ನೋದು ನನ್ನ ವಾದ.

ಕನ್ನಡನಾಡಿನ ವಿದ್ಯುತ್ ಚರಿತ್ರೆಯನ್ನು ನಾವು ಸಾಮಾನ್ಯವಾಗಿ 1902ರ ಶಿವನಸಮುದ್ರದಿಂದ ಶುರು ಮಾಡುತ್ತೇವೆ. ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಇದು ಮೈಸೂರು ಸಂಸ್ಥಾನದ ಕಥೆ. ಸೊಲ್ಲಾಪುರ ಜಿಲ್ಲೆಯ ಕನ್ನಡಿಗರ ಕಥೆ ಬೇರೆ. ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಪಕ್ಕದ ವಿಜಾಪುರ, ಕಲಬುರ್ಗಿ ಮೈಸೂರು ರಾಜ್ಯಕ್ಕೆ ಬಂದವು, ಅಕ್ಕಲಕೋಟೆ ಅಲ್ಲೇ ಉಳಿಯಿತು. 1967ರ ಮಹಾಜನ ವರದಿ ಅದನ್ನು ಈಚೆಗೆ ಸೇರಿಸಲು ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. ಹೀಗಾಗಿ ಆಚೆಯ ಹಳ್ಳಿಗಳಿಗೆ 1960ರಲ್ಲಿ ಹುಟ್ಟಿದ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿ, 2005ರಿಂದ ಮಹಾವಿತರಣ. ಈಚೆಯ ಹಳ್ಳಿಗಳಿಗೆ ಮೊದಲು ಮೈಸೂರು ರಾಜ್ಯ ವಿದ್ಯುತ್ ಮಂಡಳಿ, ಈಗ ಜೆಸ್ಕಾಂ ಮತ್ತು ಹೆಸ್ಕಾಂ. ಕರಿಮಣ್ಣು ಒಂದೇ, ಭೀಮಾ ನದಿ ಒಂದೇ, ತಂತಿ ಮಾತ್ರ ಎರಡು ಕಡೆಯಿಂದ ಬಂತು.

ಮಾತೂ ಹಂಗೇ ಬಂತು. 11 ಕಿಲೋವೋಲ್ಟನ್ನು ಮನೆ-ಪಂಪ್‌ಸೆಟ್ಟಿಗೆ ಬೇಕಾದಷ್ಟಕ್ಕೆ ಇಳಿಸುವ ಪೆಟ್ಟಿಗೆಗೆ ಅಫಜಲಪುರ, ಇಂಡಿ ಕಡೆ ‘ಟಿಸಿ’ ಅಂತಾರ. ಅಕ್ಕಲಕೋಟೆ ಕನ್ನಡದಾಗ ಅದು ‘ಡಿಪಿ’. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್ ಸೆಂಟರ್. ಡಿಪಿಯನ್ನು ಕೆಲವರು ಡಬಲ್ ಪೋಲ್ ಅಂತ ಬಿಡಿಸ್ತಾರ, ಅಂದರೆ ಪೆಟ್ಟಿಗೆಯನ್ನು ಹೊತ್ತ ಜೋಡಿ ಕಂಬ. ಈಚೆ ‘ಲೈನ್‌ಮನ್’, ಆಚೆ ‘ವಾಯರಮನ್’. ‘ಡಿಪಿ ಸುಟ್ಟದ’ ಅಂದವರು ಯಾವ ರಾಜ್ಯದವರು ಅಂತ ಆಧಾರ್ ಕಾರ್ಡ್ ನೋಡದೇ ಹೇಳಬಹುದು.

ಈಗ ಹಲಗೆಗೆ ಬರೋಣ. ಗಡಿ ಎಳೆದ 1956ರಲ್ಲೇ ಭಾರತೀಯ ವಿದ್ಯುತ್ ನಿಯಮಗಳೂ ಬಂದವು. ಅದರ 35ನೇ ನಿಯಮದ ಪ್ರಕಾರ ಅಪಾಯದ ಹಲಗೆ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು, ಜೊತೆಗೆ ಜಿಲ್ಲೆಯ ಸ್ಥಳೀಯ ಭಾಷೆಯಲ್ಲಿ; ತಲೆಬುರುಡೆ-ಎಲುಬಿನ ಚಿತ್ರವೂ ಬೇಕು. 2010ರ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಇದನ್ನೇ ಮುಂದುವರಿಸಿದವು. ಒಳ್ಳೆಯ ನಿಯಮವೇ. ಆದರೆ ಅದು ಭಾಷೆಯನ್ನು ಎಣಿಸಿದ್ದು ಜಿಲ್ಲೆಯ ಲೆಕ್ಕದಲ್ಲಿ, ಊರಿನ ಲೆಕ್ಕದಲ್ಲಲ್ಲ. ಸೊಲ್ಲಾಪುರ ಜಿಲ್ಲೆಯ ಭಾಷೆ ಮರಾಠಿ ಅಂತಾದ ಮೇಲೆ, ಕನ್ನಡ ಶಾಲೆ ಇರುವ ಹಳ್ಳಿಯ ಡಿಪಿಯ ಮೇಲೂ ‘ಧೋಕಾ’ ಅಂತಲೇ ಬಂತು. ಮರಾಠಿಯಲ್ಲಿ ಅದು ಅಪಾಯ. ಕನ್ನಡದ ಕಿವಿಗೆ ಮೊದಲು ಕೇಳೋದು ಮೋಸ.

ಈ ಪ್ರಬಂಧ ಶುರು ಮಾಡಿದಾಗ ನನ್ನ ವಾದ ಇಲ್ಲಿಗೇ ಮುಗಿದಿತ್ತು: ಹಲಗೆಗೆ ಕನ್ನಡ ಸೇರಿಸಿರಿ, ಸಮಸ್ಯೆ ಬಗೆಹರಿಯಿತು. ಅದು ತಪ್ಪು ಅಂತ ನನಗೆ ತೋರಿಸಿದ್ದು ನಮ್ಮ ಓಣಿಯ ಒಬ್ಬ ಕಾಕಾ. ಒಂದು ಮಳೆಗಾಲದಲ್ಲಿ ಅವರು ಎತ್ತನ್ನು ಡಿಪಿಯ ಬುಡದಲ್ಲಿ ಕಟ್ಟಿದ್ದರು. ಎತ್ತು ತಂತಿ ಮುಟ್ಟಲಿಲ್ಲ, ಕಂಬ ಮುಟ್ಟಲಿಲ್ಲ, ನಿಂತಲ್ಲೇ ಬಿದ್ದು ಸತ್ತಿತು. ಕಾಕಾ ನನಗೆ ಹೇಳಿದ್ದು ಇಷ್ಟು: “ಧೋಕಾ ಅಂತ ಬರದದ್ದು ನಂಗೂ ತಿಳೀತದವ್ವಾ. ತಂತಿ ಮುಟ್ಟಬ್ಯಾಡ ಅಂತ ಅದರ ಅರ್ಥ. ನೆಲಾ ಮುಟ್ಟಬ್ಯಾಡ ಅಂತ ಯಾರ್ ಹೇಳ್ಯಾರ?”

ಅವರ ಪ್ರಶ್ನೆಗೆ ಉತ್ತರ ನೆಲದಲ್ಲೇ ಇದೆ. ಟ್ರಾನ್ಸ್‌ಫಾರ್ಮರನ್ನು ನಿಲ್ಲಿಸುವಾಗ ಅದರ ನ್ಯೂಟ್ರಲ್ಲಿನಿಂದ ಭೂಮಿಗೆ ಎರಡು ಪ್ರತ್ಯೇಕ ದಾರಿ ಕೊಡಬೇಕು, ಲೋಹದ ಮೈಗೆ ಎರಡು, ಸಿಡಿಲು ತಡೆಯುವ ಅರೆಸ್ಟರಿಗೆ ಬೇರೆಯದೇ ಒಂದು. ಗುಂಡಿ ತೋಡಿ, ಸುಮಾರು ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪು ಇಳಿಸಿ, ಸುತ್ತ ಉಪ್ಪು-ಇದ್ದಿಲು ಪದರ ಪದರವಾಗಿ ತುಂಬುವುದು ಹಳೆಯ ಪದ್ಧತಿ. ತಂತಿ ಹರಿದು ಬಿದ್ದರೆ ಅಥವಾ ಮೈಗೆ ಕರೆಂಟು ತಾಗಿದರೆ ಅದು ನೆಲದ ಮೂಲಕ ಮರಳಿ ಬಂದು ಫ್ಯೂಜು ಹಾರಿಸಬೇಕು. ಗುಂಡಿ ಒಣಗಿದ್ದರೆ ದಾರಿ ಕಿರಿದಾಗುತ್ತದೆ, ಫ್ಯೂಜು ಹಾರುವುದಿಲ್ಲ, ಬಿದ್ದ ತಂತಿ ಜೀವಂತ ಉಳಿಯುತ್ತದೆ. ಕರಿಮಣ್ಣು ಹಸಿಯಿದ್ದಾಗ ಒಳ್ಳೆಯ ವಾಹಕ. ಬ್ಯಾಸಗ್ಯಾಗ ಬಿರುಕು ಬಿಟ್ಟು ಪೈಪಿನಿಂದಲೇ ಸರಿಯುತ್ತದೆ. ಮಣ್ಣು ತೆಳುವಾಗಿದ್ದಲ್ಲಿ ಕೆಳಗೆ ಬಸಾಲ್ಟ್ ಕಲ್ಲು. ಆದ್ದರಿಂದಲೇ ಗುಂಡಿಗೆ ಆಗಾಗ ನೀರು ಬೇಕು.

ನೆಲಕ್ಕೆ ಇಳಿದ ಕರೆಂಟು ಒಮ್ಮೆಗೇ ಮಾಯವಾಗುವುದಿಲ್ಲ. ಗುಂಡಿಯ ಹತ್ತಿರ ಒತ್ತಡ ಜಾಸ್ತಿ, ದೂರ ಹೋದಂತೆ ಕಡಿಮೆ. ಹತ್ತಿರ ನಿಂತವರ ಎರಡು ಪಾದಗಳ ನಡುವೆಯೇ ವ್ಯತ್ಯಾಸ ಹುಟ್ಟಿ ಮೈಯೊಳಗೆ ಕರೆಂಟು ಹರಿಯುತ್ತದೆ. ಎತ್ತಿನ ಮುಂಗಾಲು-ಹಿಂಗಾಲಿನ ಅಂತರ ನಮ್ಮ ಹೆಜ್ಜೆಗಿಂತ ದೊಡ್ಡದು, ಹಾದಿಯಲ್ಲಿ ಎದೆಯೂ ಬರುತ್ತದೆ. ದನಗಳು ಬೇಗ ಸಾಯುವುದು ಇದಕ್ಕೆ.

ಇದನ್ನು ಯಾವ ಹಲಗೆಯೂ ಹೇಳುವುದಿಲ್ಲ, ಯಾವ ಭಾಷೆಯಲ್ಲೂ. ನಮ್ಮಲ್ಲಿ ಹೇಳಿದವರು ಹಳೆಯ ವಾಯರಮನ್ನರು. ಅರ್ಜಿ, ರಜಿಸ್ಟರ್ ಮರಾಠಿಯಲ್ಲಿ ಬರೆದು, ಕಟ್ಟೆಯ ಮೇಲೆ ಕೂತು ಕನ್ನಡದಾಗ “ಡಿಪಿ ಬುಡಕ ದನಾ ಕಟ್ಟಬ್ಯಾಡ್ರಿ, ಮಳ್ಯಾಗ ಆ ಕಡೆ ಹಾಯಬ್ಯಾಡ್ರಿ, ಫ್ಯೂಜ್ ಹೋದ್ರ ನೀವ ತಂತಿ ಸುತ್ತಬ್ಯಾಡ್ರಿ” ಅನ್ನುತ್ತಿದ್ದರು. ಆ ಮಾತು ಕೇಳಿದ ಮನೆಗಳಿಗೆ ತಿಳಿದಿತ್ತು, ಕೇಳದ ಮನೆಗೆ ಇಲ್ಲ. ಕಾಕಾ ಕೇಳಿರಲಿಲ್ಲ.

ಗಡಿನಾಡಿನ ಕನ್ನಡ ಅಂದಾಗ ನಾವು ಸೊನ್ನಲಿಗೆಯ ಸಿದ್ಧರಾಮನನ್ನು, ಜಯದೇವಿತಾಯಿ ಲಿಗಾಡೆಯವರನ್ನು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ವಾಯರಮನ್ನರ ಈ ಮಾತೂ ಅದೇ ಕನ್ನಡ, ಜೀವ ಉಳಿಸಿದ ಕನ್ನಡ. ಹಲಗೆಗೆ ಕನ್ನಡದ ‘ಅಪಾಯ’ ಸೇರಬೇಕು, ಅದರ ಕೆಳಗೆ ದನ ಕಟ್ಟಬೇಡಿ ಅನ್ನೋ ಒಂದು ಸಾಲೂ ಸೇರಬೇಕು. ನಮ್ಮ ಕ್ಷೇತ್ರಕಾರ್ಯದ ಪಟ್ಟಿಯಲ್ಲಿ ಹಾಡುಗಾರರ ಜೊತೆ ನಿವೃತ್ತ ವಾಯರಮನ್ನರ ಹೆಸರೂ ಇರಲಿ. ಪ್ರಶ್ನೆಗಳಿದ್ದರೆ ಕೇಳಿ.