ಯದೃಚ್ಛೆಯೊಳಗಿನ ನಿಯತಿ

ಯದೃಚ್ಛೆ ಎಂಬ ಮಾತು ನಮಗೆ ಹೊಸದಲ್ಲ. ಶ್ವೇತಾಶ್ವತರೋಪನಿಷತ್ತು ಜಗತ್ಕಾರಣವನ್ನು ವಿಚಾರಿಸುವಲ್ಲಿ ಕಾಲ, ಸ್ವಭಾವ, ನಿಯತಿಗಳ ಸಾಲಿನಲ್ಲಿ ಯದೃಚ್ಛೆಯನ್ನೂ ಹೆಸರಿಸುತ್ತದೆ. ನಿಯತಿ ಬೇರೆ, ಯದೃಚ್ಛೆ ಬೇರೆ ಎಂದೇ ಅಲ್ಲಿಯ ಎಣಿಕೆ. ಇಪ್ಪತ್ತನೆಯ ಶತಮಾನದ ಗಣಿತಜ್ಞರು ಒಂದರೊಳಗೆ ಇನ್ನೊಂದನ್ನು ಕಂಡರು. ಕನ್ನಡದ ಅಧ್ಯಾಪಕನಾದ ನನ್ನನ್ನು ಗಣಿತದ ಈ ಚರಿತ್ರೆ ಸೆಳೆದುದು ಆ ಕಾರಣದಿಂದಲೇ.

ಸಂಖ್ಯೆಗಳನ್ನು ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಪಟ್ಟಿಗೆ ಮಾತೃಕೆಯೆಂದು ಹೆಸರು. ಚೌಕವಾದ ಮಾತೃಕೆಯಲ್ಲಿ ಅಡಗಿರುವ ಕೆಲವು ವಿಶಿಷ್ಟ ಸಂಖ್ಯೆಗಳೇ ಐಗನ್ ಮೌಲ್ಯಗಳು. ಚೌಕದ ಮನೆಗಳನ್ನು ಆಕಸ್ಮಿಕದ ಕೈಗೆ ಒಪ್ಪಿಸಿದರೆ ಈ ಮೌಲ್ಯಗಳ ಗತಿಯೇನು? ಈ ಪ್ರಶ್ನೆ ಪರಮಾಣು ವಿಜ್ಞಾನದಲ್ಲಿ ಹುಟ್ಟಿತೆಂದು ಹೇಳುವುದು ವಾಡಿಕೆ. ಆದರೆ ಅದರ ಬೇರು ಇರುವುದು ಹೊಲದಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಜಾನ್ ವಿಶಾರ್ಟ್, ಹಲವು ಅಳತೆಗಳು ಒಟ್ಟಿಗೆ ಏರಿಳಿಯುವ ಬಗೆಯನ್ನು ತೋರಿಸುವ ಮಾತೃಕೆಯ ಸಂಭವನೀಯತೆಯನ್ನು 1928ರಲ್ಲಿ ಲೆಕ್ಕಹಾಕಿದರು. 1939ರಲ್ಲಿ ಅಂಥ ಮಾತೃಕೆಗಳ ಮೌಲ್ಯಗಳ ಹಂಚಿಕೆಯನ್ನು ಫಿಷರ್, ಚೀನದ ಷು, ಅಮೆರಿಕದ ಗಿರ್ಷಿಕ್, ಕಲ್ಕತ್ತೆಯಲ್ಲಿ ಮಹಾಲನೋಬಿಸರ ಬಳಗದ ಎಸ್. ಎನ್. ರಾಯ್ ತಂತಮ್ಮ ದಾರಿಯಲ್ಲಿ ನಡೆದು ಮುಟ್ಟಿದರು.

ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಯೂಜೀನ್ ವಿಗ್ನರರ ಕಷ್ಟ ಬೇರೆ. ಯುರೇನಿಯಂ ಪರಮಾಣುವಿನ ಬೀಜಕೇಂದ್ರದಲ್ಲಿ ಇನ್ನೂರಕ್ಕೂ ಹೆಚ್ಚು ಕಣಗಳು. ಅವುಗಳ ಶಕ್ತಿಯ ಮಟ್ಟಗಳನ್ನು ಹೇಳಬಲ್ಲ ಮಾತೃಕೆಯನ್ನು ಬರೆಯುವುದು ಯಾರಿಂದಲೂ ಆಗದು. ತಿಳಿಯದುದನ್ನು ಯದೃಚ್ಛೆಗೆ ಬಿಟ್ಟು ನೋಡೋಣವೆಂದು ವಿಗ್ನರ್ ನಿಶ್ಚಯಿಸಿದರು. ನಾಣ್ಯ ಚಿಮ್ಮಿ ಮನೆಗಳಿಗೆ ಧನ, ಋಣ ಚಿಹ್ನೆಗಳನ್ನು ಹಾಕಿದಂತೆ ಮಾಡಿ, ಕರ್ಣದ ಎರಡು ಪಕ್ಕಗಳನ್ನೂ ಕನ್ನಡಿಯ ಬಿಂಬದಂತೆ ಹೊಂದಿಸಿದರು. ಮಾತೃಕೆ ದೊಡ್ಡದಾದಂತೆ ಅದರ ಮೌಲ್ಯಗಳ ರಾಶಿ ಅರ್ಧವೃತ್ತದ ಆಕಾರ ತಾಳಿತು! 1955ರಲ್ಲಿ ಕಂಡ ಈ ನಿಯಮ ನಾಣ್ಯದ ಚಿಹ್ನೆಗಳಿಗೆ ಮಾತ್ರ ಸೀಮಿತವಲ್ಲವೆಂದು 1958ರಲ್ಲಿ ಅವರೇ ತೋರಿಸಿದರು.

ಸಾಧನೆಯ ಕ್ರಮವೂ ಸೊಗಸಾದುದು. ಮಾತೃಕೆಯನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸಿ ಸರಾಸರಿ ತೆಗೆದರೆ, ಧನ ಋಣಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಕೊನೆಗೆ ಲೆಕ್ಕಕ್ಕೆ ಬರುವುವು, ಹೋದ ಪ್ರತಿಯೊಂದು ಹೆಜ್ಜೆಯನ್ನೂ ಹಿಂದಕ್ಕೆ ಇಟ್ಟು ಹೊರಟಲ್ಲಿಗೇ ಮರಳುವ ದಾರಿಗಳು. ಅವುಗಳ ಎಣಿಕೆ 1, 2, 5, 14 ಎಂದು ಬೆಳೆಯುತ್ತದೆ. ಅರ್ಧವೃತ್ತದ ಲೆಕ್ಕವೂ ಅದೇ.

ನಿಜವಾದ ಬೀಜಕೇಂದ್ರದ ಮಟ್ಟಗಳ ರಾಶಿ ಅರ್ಧವೃತ್ತವಲ್ಲ. ಆದರೆ ಅಕ್ಕಪಕ್ಕದ ಮಟ್ಟಗಳು ಪರಸ್ಪರ ದೂರ ಸರಿಯುತ್ತವೆಂದು, ಅವುಗಳ ಅಂತರವನ್ನು ಕುರಿತು 1956ರಲ್ಲಿ ವಿಗ್ನರ್ ಮಾಡಿದ ಊಹೆ ಪ್ರಯೋಗಗಳಿಗೆ ಹೊಂದಿತು. ರಾಜಸ್ಥಾನದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ದುಡಿದ ಮದನ್ ಲಾಲ್ ಮೆಹ್ತಾ 1960ರಲ್ಲಿ ಗೊಡ್ಯಾನರೊಡನೆ ಈ ಲೆಕ್ಕಗಳಿಗೆ ನಿಖರವಾದ ಗಣಿತವನ್ನು ಒದಗಿಸಿದರು. 1967ರಲ್ಲಿ ಅವರು ಪ್ರಕಟಿಸಿದ ಗ್ರಂಥ ಈ ಶಾಸ್ತ್ರದ ಆಕರವಾಯಿತು.

ಹೊಲದ ಲೆಕ್ಕವನ್ನೂ ಕಲ್ಕತ್ತೆಯ ದುಡಿಮೆಯನ್ನೂ ನೆನೆದರೆ ವಿಗ್ನರರ ಕೀರ್ತಿಗೆ ಕುಂದಿಲ್ಲ. ನೆನೆಯದಿದ್ದರೆ ಚರಿತ್ರೆಗೆ ಕುಂದುಂಟು. ಎಲ್ಲ ವಿವರ ತಿಳಿಯುವವರೆಗೆ ಏನನ್ನೂ ಹೇಳಲಾಗದೆಂದು ಕೈಚೆಲ್ಲುವುದು, ತಿಳಿಯದುದನ್ನೆಲ್ಲ ಹಣೆಬರಹಕ್ಕೆ ಕಟ್ಟುವುದು, ಇವೆರಡೂ ನಮಗೆ ಸುಲಭ. ಇವರು ಎರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿದರೆಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.